ಡಿಕ್ಕಿಗೆ ಎತ್ತಿಡುವವರು ಯಾರು?

ವಯಸ್ಸಾದವರು ಹೊರಗೆ ಓಡಾಡುವುದನ್ನು ಒಂದೇ ದಿನ ನಿಲ್ಲಿಸುವುದಿಲ್ಲ. ಮೊದಲು ಮಾರ್ಕೆಟ್ಟು ಬಿಡುತ್ತಾರೆ, ಆಮೇಲೆ ಪಾರ್ಕಿನ ಬೆಂಚು, ಆಮೇಲೆ ಬ್ಯಾಂಕು. ಕೊನೆಗೆ ಬೀದಿ ಮೂಲೆಯ ಅಂಗಡಿಯೂ ದೂರವಾಗುತ್ತದೆ. ಪ್ರತಿ ಸಲವೂ ಮನೆಯವರು ಪ್ರೀತಿಯಿಂದಲೇ 'ನೀವ್ಯಾಕೆ ಹೋಗ್ತೀರಿ, ನಾವೇ ತರ್ತೀವಿ ಬಿಡಿ' ಅಂದಿರುತ್ತಾರೆ. ತಂದೂ ಕೊಡುತ್ತಾರೆ. ಕೊತ್ತಂಬರಿ ಸೊಪ್ಪು ಬರುತ್ತದೆ, ಮಾತ್ರೆ ಬರುತ್ತದೆ, ಪಿಂಚಣಿ ಬಂದ ಸುದ್ದಿ ಮೊಬೈಲಿಗೇ ಬರುತ್ತದೆ. ಆದರೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವುದು, ದಾರಿಯಲ್ಲಿ ಸಿಕ್ಕ ಹಳೇ ಸಹೋದ್ಯೋಗಿಯ ಜತೆ ನಿಂತು ಸರ್ಕಾರಕ್ಕೆ ಬೈಯುವುದು, ಮನೆಯಲ್ಲಿ ಹೇಳದೆ ಒಂದು ಮಸಾಲೆ ದೋಸೆ ತಿಂದು ಬರುವುದು, ಇವನ್ನು ಯಾರೂ ತಂದುಕೊಡುವ ಹಾಗಿಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಎರಡೂ ಮಂಡಿ ಸವೆದಿವೆ. ಹೃದಯದ ತೊಂದರೆ ಇರುವುದರಿಂದ ಮಂಡಿ ಆಪರೇಷನ್ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಮನೆಯೊಳಗೆ ಕೋಲು ಹಿಡಿದು ಆರಾಮಾಗಿ ಓಡಾಡುತ್ತಾರೆ. ಸ್ನಾನಕ್ಕೆ, ಊಟಕ್ಕೆ ಯಾರ ನೆರವೂ ಬೇಡ. ನೂರಿನ್ನೂರು ಹೆಜ್ಜೆ ದಾಟಿತೋ ಕೂರಲೇಬೇಕು. ಬೀದಿಯಲ್ಲಿ ಕೂರುವುದೆಲ್ಲಿ? ಮೊಬಿಲಿಟಿ ಸ್ಕೂಟರ್ ಎನ್ನುವ ಪುಟ್ಟ ಬ್ಯಾಟರಿ ಗಾಡಿ ಇರುವುದೇ ಇಂಥವರಿಗಾಗಿ. 1968ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಪ್ಲಂಬಿಂಗ್ ಕಸುಬಿನ ಆಲನ್ ಥೀಮ್ ಎಂಬಾತ ಮಲ್ಟಿಪಲ್ ಸ್ಕ್ಲೆರೋಸಿಸ್ ಆಗಿದ್ದ ತನ್ನ ಕುಟುಂಬದವರೊಬ್ಬರಿಗೆಂದು ಮೊದಲ ಗಾಡಿ ಮಾಡಿದ. ಅದಕ್ಕೆ 'ಅಮಿಗೊ' ಎಂದು ಹೆಸರಿಟ್ಟ. ನಿಲ್ಲಬಲ್ಲ, ನಾಲ್ಕು ಹೆಜ್ಜೆ ಇಡಬಲ್ಲ, ಆದರೆ ದೂರ ನಡೆಯಲಾಗದವರ ಗಾಡಿ ಇದು. ಇವತ್ತಿಗೂ ಅದರ ಲಕ್ಷಣ ಅದೇ.

ಈ ಗೆರೆ ಸ್ಪಷ್ಟವಾಗಿಲ್ಲದೆ ಹೋದರೆ ಕೊಳ್ಳುವಾಗ ದುಡ್ಡು ದಂಡ. ಸೊಂಟ ನೆಟ್ಟಗೆ ನಿಲ್ಲದವರಿಗೆ, ಒಂದು ಕೈ ಪೂರ್ತಿ ಬಿದ್ದುಹೋದವರಿಗೆ ಸ್ಕೂಟರಿನ ಹ್ಯಾಂಡಲ್ ಹಿಡಿದು ತಿರುಗಿಸುವುದು ಕಷ್ಟ. ಅವರಿಗೆ ಬೆರಳ ತುದಿಯಲ್ಲಿ ಓಡಿಸುವ, ಜಾಯ್‌ಸ್ಟಿಕ್ ಇರುವ ಬ್ಯಾಟರಿ ವೀಲ್‌ಚೇರೇ ಸರಿ. ಕಾಲಿಗೆ ಬಲವಿಲ್ಲದಿದ್ದರೂ ತೋಳು ಗಟ್ಟಿಯಿರುವ ಹರೆಯದವರಿಗೆ ಐಐಟಿ ಮದ್ರಾಸಿನಲ್ಲಿ ರೂಪುಗೊಂಡ 'ನಿಯೋಬೋಲ್ಟ್' ಥರದ್ದು ಒಪ್ಪುತ್ತದೆ. ತಮ್ಮ ವೀಲ್‌ಚೇರಿನ ಮುಂದಕ್ಕೆ ಮೋಟಾರಿನ ಚಕ್ರವೊಂದನ್ನು ಕೊಂಡಿ ಹಾಕಿ, ಗಂಟೆಗೆ 25 ಕಿಲೋಮೀಟರ್ ತನಕ ರಸ್ತೆಯಲ್ಲೇ ಹೋಗಬಹುದು. ಇನ್ನು ಆಕ್ಟಿವಾಕ್ಕೆ ಸೈಡ್ ವೀಲ್ ಹಾಕಿಸಿಕೊಂಡು ಆಫೀಸಿಗೂ ಕಾಲೇಜಿಗೂ ಹೋಗುವವರನ್ನು ನಾವು ದಿನಾ ನೋಡುತ್ತೇವೆ. ಅದು ನಿಜವಾದ ಮೋಟಾರು ವಾಹನ, ಲೈಸೆನ್ಸು ಬೇಕು, ಟ್ರಾಫಿಕ್ಕಿನಲ್ಲಿ ನುಗ್ಗುವ ಧೈರ್ಯವೂ ಬೇಕು. ಎಪ್ಪತ್ತು ದಾಟಿದ ಮೇಷ್ಟ್ರಿಗೆ ಆ ಧೈರ್ಯ ಇದೆ ಅನ್ನುವುದೇ ಅವರ ಹೆಂಡತಿಯ ಚಿಂತೆ.

ಅಂಗಡಿಗೆ ಹೋದ ದಿನ ನಾನೂ ಜತೆಗಿದ್ದೆ. ಮಾರಾಟದ ಹುಡುಗ ಬಾಯಿಪಾಠ ಒಪ್ಪಿಸುವ ಹಾಗೆ ಶುರು ಮಾಡಿದ: ಒಂದು ಚಾರ್ಜಿಗೆ ಇಪ್ಪತ್ತು ಕಿಲೋಮೀಟರ್, ಮೊಬೈಲ್ ಚಾರ್ಜ್ ಮಾಡಬಹುದು, ಮುಂದೆ ಎಲ್‌ಇಡಿ ಲೈಟು, ಬಟನ್ ಒತ್ತಿದರೆ ತಾನೇ ಮಡಚಿಕೊಳ್ಳುತ್ತದೆ, ರಿಮೋಟ್ ಬೇರೆ. ಮೇಷ್ಟ್ರಿಗೆ ರಿಮೋಟ್ ಹಿಡಿಸಿತು. ಅಷ್ಟು ಹೊತ್ತೂ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಅವರ ಹೆಂಡತಿ ಒಂದೇ ಪ್ರಶ್ನೆ ಕೇಳಿದರು: "ಮಡಚಿಕೊಳ್ಳುತ್ತೆ ಸರಿ ಕಣಪ್ಪ, ಅದನ್ನ ಡಿಕ್ಕಿಗೆ ಎತ್ತಿಡೋರು ಯಾರು?"

ಇಂಥ ಗಾಡಿ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಹೊಳೆದಿಲ್ಲ. ಜಾಹೀರಾತಿನಲ್ಲಿ 'ಹಗುರ' ಎಂದು ಬರೆದಿರುತ್ತದೆ. ಯಾರ ಕೈಗೆ ಹಗುರ? ನಮ್ಮ ಮನೆಗಳ ಲೆಕ್ಕದಲ್ಲೇ ಹೇಳುವುದಾದರೆ, ಅಡುಗೆ ಗ್ಯಾಸಿನ ಖಾಲಿ ಸಿಲಿಂಡರ್ ಸುಮಾರು ಹದಿನೈದು ಕಿಲೋ ತೂಗುತ್ತದೆ, 14.2 ಕಿಲೋ ಗ್ಯಾಸ್ ತುಂಬಿದರೆ ಮೂವತ್ತರ ಹತ್ತಿರ. ಒಟ್ಟಾಗಿ ಮಡಚಿಕೊಳ್ಳುವ ಸ್ಕೂಟರುಗಳಲ್ಲಿ ಬಹಳಷ್ಟು ತುಂಬಿದ ಸಿಲಿಂಡರಿನ ಆಸುಪಾಸಿನಲ್ಲೇ ಇರುತ್ತವೆ. ಬಟನ್ ಒತ್ತಿದರೆ ಮಡಚಿಕೊಳ್ಳುವುದು ನೋಡಲು ಚೆಂದ, ಆದರೆ ಮಡಚಿದ ಮೇಲೆ ಅದು ಹಿಡಿಯಲು ಸರಿಯಾದ ಜಾಗವಿಲ್ಲದ, ಅಷ್ಟೇ ಭಾರದ ಮುದ್ದೆ. ಇನ್ನೊಂದು ಬಗೆಯದ್ದು ಸೀಟು, ಬ್ಯಾಟರಿ, ಮುಂಭಾಗ, ಮೋಟಾರಿರುವ ಹಿಂಭಾಗ ಎಂದು ನಾಲ್ಕೈದು ತುಂಡಾಗುತ್ತದೆ. ಒಟ್ಟು ತೂಕ ಕೇಳಿದರೆ ಇದೇ ಹೆಚ್ಚು, ನಲವತ್ತು ಕಿಲೋ ದಾಟಿದ್ದೂ ಉಂಟು. ಆದರೆ ಒಂದೊಂದಾಗಿ ಎತ್ತುವಾಗ ಎಲ್ಲಕ್ಕಿಂತ ಭಾರದ ತುಂಡು ಖಾಲಿ ಸಿಲಿಂಡರಿನಷ್ಟಿರಬಹುದು. ಹಾಗಾಗಿ ಕೇಳಬೇಕಾದ್ದು ಒಟ್ಟು ತೂಕವನ್ನಲ್ಲ, ಅತಿ ಭಾರದ ತುಂಡಿನ ತೂಕವನ್ನು. ಕೇಳಿ ಬಿಟ್ಟರೂ ಸಾಲದು. ಮನೆಯಲ್ಲಿ ಅದನ್ನು ಎತ್ತಬೇಕಾದವರೇ ಅಂಗಡಿಯಲ್ಲಿ ಎತ್ತಿ ನೋಡಬೇಕು. ಮಾರಾಟದ ಹುಡುಗ ಎತ್ತಿ ತೋರಿಸಿದರೆ ಏನೂ ಗೊತ್ತಾಗುವುದಿಲ್ಲ, ಅವನಿಗೆ ಇಪ್ಪತ್ತೈದು ವಯಸ್ಸು.

ಡಿಕ್ಕಿಯದ್ದು ಇನ್ನೊಂದು ಕಥೆ. ಕಾರಿಗೆ ಸಿಎನ್‌ಜಿ ಹಾಕಿಸಿದ್ದರೆ ಸಿಲಿಂಡರೇ ಅರ್ಧ ಡಿಕ್ಕಿ ನುಂಗಿರುತ್ತದೆ. ಸೆಡಾನ್ ಕಾರಿನಲ್ಲಿ ಒಳಗೆ ಜಾಗ ಬೇಕಾದಷ್ಟಿದ್ದರೂ ಬಾಯಿ ಕಿರಿದು, ಗಾಡಿ ಅಡ್ಡಕ್ಕೂ ಹೋಗುವುದಿಲ್ಲ, ಉದ್ದಕ್ಕೂ ಹೋಗುವುದಿಲ್ಲ. ಅಳತೆ ಪಟ್ಟಿ ನೋಡುವುದಕ್ಕಿಂತ ಕಾರನ್ನೇ ಅಂಗಡಿ ಮುಂದೆ ನಿಲ್ಲಿಸಿ ಇಟ್ಟು ನೋಡುವುದು ವಾಸಿ. ಕಾರೇ ಇಲ್ಲದವರು ಒಂದು ಆಟೋ ಕರೆಸಿ ಆ ಪರೀಕ್ಷೆ ಮಾಡಲಿ. ಡ್ರೈವರ್ 'ಆಗಲ್ಲ ಸಾರ್' ಅಂದರೆ ಮುಂದೆ ಎಲ್ಲ ಡ್ರೈವರುಗಳೂ ಅದನ್ನೇ ಅನ್ನುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಎಷ್ಟೋ ಜನರಿಗೆ ಡಿಕ್ಕಿಯ ಗೊಡವೆಯೇ ಬೇಕಾಗಿಲ್ಲ. ಮೇಷ್ಟ್ರಿಗೆ ಬೇಕಾದ್ದು ಏನು ಎಂದು ಅಂಗಡಿಯಲ್ಲೇ ಕೂತು ಲೆಕ್ಕ ಹಾಕಿದೆವು: ಹಾಲಿನ ಬೂತು, ಬ್ಯಾಂಕು, ಲೈಬ್ರರಿ, ಸಂಜೆ ಪಾರ್ಕು. ಎಲ್ಲ ಸೇರಿ ಹೋಗಿ ಬಂದರೆ ಮೂರು ಕಿಲೋಮೀಟರ್ ಆದೀತು. ವರ್ಷಕ್ಕೆ ಒಂದೆರಡು ಮದುವೆ, ಮಗ ಬಂದಾಗ ನಂಜನಗೂಡು. ಅಂದರೆ ಕಾರಿನಲ್ಲಿ ಸಾಗಿಸುವ ಪ್ರಸಂಗಗಳಲ್ಲಿ ಎತ್ತಲು ಮಗ ಇರುತ್ತಾನೆ. ದಿನದ ಓಡಾಟಕ್ಕೆ ಎತ್ತುವ ಕೆಲಸವೇ ಇಲ್ಲ, ಗೇಟು ತೆಗೆದರೆ ಬೀದಿ. ಇಂಥವರು ಹಗುರಕ್ಕಾಗಿ ಹೆಚ್ಚು ದುಡ್ಡು ಸುರಿಯುವುದರ ಬದಲು ಚಕ್ರ ದೊಡ್ಡದಿರುವ, ಸೀಟು ಒಳ್ಳೆಯದಿರುವ ಗಾಡಿ ನೋಡಬಹುದು. ಮೂರನೇ ಮಹಡಿಯ ಫ್ಲ್ಯಾಟಿನವರಿಗೆ, ಪುಟ್ಟ ಲಿಫ್ಟಿನವರಿಗೆ ಲೆಕ್ಕ ಬೇರೆ. ಯಾವ ಗಾಡಿ ಎಂದು ಕೇಳುವ ಮೊದಲು ಯಾವ ದಾರಿ ಎಂದು ಕೇಳಿಕೊಂಡರೆ ಅರ್ಧ ಕ್ಯಾಟಲಾಗು ತಾನೇ ಉದುರಿಹೋಗುತ್ತದೆ. ಇಪ್ಪತ್ತು ಕಿಲೋಮೀಟರಿನ ಬ್ಯಾಟರಿಯೂ ಹಾಗೇ. ಆ ಸಂಖ್ಯೆ ಹೊಸ ಬ್ಯಾಟರಿ, ಸಪಾಟು ನೆಲ, ಹೆಚ್ಚು ತೂಕವಿಲ್ಲದ ಸವಾರ ಎಂದಿಟ್ಟುಕೊಂಡು ಬರೆದದ್ದು. ನಮ್ಮ ಏರು ತಗ್ಗಿನಲ್ಲಿ ಅದರ ಅರ್ಧವೆಂದೇ ಇಟ್ಟುಕೊಳ್ಳಿ. ಮೂರು ಕಿಲೋಮೀಟರ್ ಓಡಾಡುವವರಿಗೆ ಆ ಅರ್ಧವೂ ಧಾರಾಳ.

ನಿಜವಾದ ಪರೀಕ್ಷೆ ಗೇಟಿನ ಮುಂದೆ ಇರುತ್ತದೆ. ರ‍್ಯಾಂಪು ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದವಿರಬೇಕು ಎಂಬುದು ವೀಲ್‌ಚೇರಿನ ಲೆಕ್ಕ, ಹೆಚ್ಚುಕಡಿಮೆ ಐದು ಡಿಗ್ರಿ ಇಳಿಜಾರು. ನಮ್ಮ ಬಡಾವಣೆಗಳಲ್ಲಿ ಕಾರು ಹತ್ತಿಸಲು ಮೋರಿಯ ಮೇಲೆ ಚಪ್ಪಡಿ ಹಾಸಿ ಮಾಡಿಕೊಂಡ ಇಳಿಜಾರು ಮೂರು ನಾಲ್ಕು ಅಡಿಯಲ್ಲೇ ಒಂದಡಿ ಇಳಿದುಬಿಡುತ್ತದೆ. ಸಣ್ಣ ಸ್ಕೂಟರಿನ ಮೋಟಾರಿಗೆ ಅದನ್ನು ಹತ್ತುವ ತ್ರಾಣವಿಲ್ಲ. ಹತ್ತಿದರೂ ಮೇಲಂಚಿನಲ್ಲಿ ಹೊಟ್ಟೆ ತಗುಲಿ ಗಾಡಿ ತೂಗುಯ್ಯಾಲೆಯಾಗುತ್ತದೆ. ಸಾಗಿಸಲು ಅನುಕೂಲವಾಗಲೆಂದು ಇವುಗಳ ಚಕ್ರ ಚಿಕ್ಕದಾಗಿರುತ್ತದೆ, ನೆಲಕ್ಕೂ ಗಾಡಿಗೂ ನಡುವೆ ನಾಲ್ಕು ಬೆರಳು ಜಾಗವಿದ್ದರೆ ಹೆಚ್ಚು. ಬೀದಿಗೊಂದು ಹಂಪು ಕಟ್ಟುವ ನಮ್ಮ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಮೂರು ಚಕ್ರದ್ದು ಇಕ್ಕಟ್ಟಿನಲ್ಲಿ ಚೆನ್ನಾಗಿ ತಿರುಗುತ್ತದೆ, ಮಾಲ್ ಒಳಗೆ, ಏರ್‌ಪೋರ್ಟಿನಲ್ಲಿ ಸೊಗಸು. ಆದರೆ ರಸ್ತೆಯ ಅಂಚು ಇಳಿಜಾರಾಗಿರುವ ಕಡೆ ತಿರುಗಿಸಿದರೆ ಪಕ್ಕಕ್ಕೆ ವಾಲುತ್ತದೆ. ಬೀದಿಗೆ ನಾಲ್ಕು ಚಕ್ರವೇ ಇರಲಿ. ಮೇಷ್ಟ್ರು ಗಾಡಿ ಕೊಳ್ಳುವ ಮೊದಲು ಗಾರೆಯವನನ್ನು ಕರೆಸಿ ಗೇಟಿನ ಒಳಭಾಗದಿಂದಲೇ ಇಳಿಜಾರು ಶುರುವಾಗುವ ಹಾಗೆ ಉದ್ದ ಮಾಡಿಸಿಕೊಂಡರು. ಗಾಡಿಗೆ ಖರ್ಚು ಮಾಡಿದ್ದಕ್ಕಿಂತ ಅದೇ ಬುದ್ಧಿವಂತಿಕೆಯ ಖರ್ಚು ಎಂದು ನನಗನ್ನಿಸುತ್ತದೆ.

ಓಡಿಸಿ ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಮೇಷ್ಟ್ರು ಮೂವತ್ತು ವರ್ಷ ಬಜಾಜ್ ಚೇತಕ್ ಓಡಿಸಿದ ಆಸಾಮಿ. ಮುಂದೆ ಯಾರಾದರೂ ಅಡ್ಡ ಬಂದರೆ ಅವರ ಬಲಗೈ ಬೆರಳುಗಳು ತಾವಾಗಿಯೇ ಬ್ರೇಕಿನ ಹಿಡಿ ಹಿಂಡುತ್ತವೆ. ಈ ಗಾಡಿಯಲ್ಲಿ ಬಲಗಡೆಯ ಹಿಡಿ ಹಿಂಡಿದರೆ ಮುಂದಕ್ಕೆ ಓಡುತ್ತದೆ, ಬಿಟ್ಟರೆ ಮೋಟಾರಿನ ಬ್ರೇಕು ತಾನೇ ಬಿಗಿದು ನಿಲ್ಲುತ್ತದೆ. ಅಂಗಡಿಯ ಹುಡುಗ ಎದುರಿಗೆ ಬಂದ, ಮೇಷ್ಟ್ರು ಗಾಬರಿಯಲ್ಲಿ ಹಿಂಡಿದರು, ಗಾಡಿ ನೆಗೆದು ವಾಕರುಗಳ ಸಾಲಿಗೆ ನುಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ. ದ್ವಿಚಕ್ರ ಓಡಿಸಿ ಪಳಗಿದವರಿಗೇ ಈ ಅಪಾಯ ಹೆಚ್ಚು. ಏನೂ ಓಡಿಸದ ಹೆಂಗಸರು ಬೇಗ ಕಲಿಯುತ್ತಾರೆ ಎಂದು ಅಂಗಡಿಯವರೇ ಹೇಳಿದರು. ವೇಗದ ಗುಂಡಿಯನ್ನು ಆಮೆಯ ಚಿತ್ರದ ಕಡೆಗೇ ತಿರುಗಿಸಿಟ್ಟು, ಹೆದರಿಕೆಯಾದರೆ ಕೈ ಬಿಡುವುದನ್ನು ಕೆಲವು ದಿನ ಅಂಗಳದಲ್ಲಿ ರೂಢಿ ಮಾಡಿಕೊಳ್ಳಬೇಕು. ಹಿಂದಿನ ಚಕ್ರದ ಹತ್ತಿರ ಒಂದು ಲಿವರ್ ಇರುತ್ತದೆ, ಅದನ್ನು ಎಳೆದರೆ ಮೋಟಾರು ಬಿಡಿಸಿಕೊಂಡು ಗಾಡಿಯನ್ನು ತಳ್ಳಬಹುದು. ಆಗ ಬ್ರೇಕೂ ಬಿಟ್ಟುಹೋಗಿರುತ್ತದೆ ಎನ್ನುವುದನ್ನು ಮನೆಮಂದಿಗೆಲ್ಲ ಹೇಳಿಕೊಡಬೇಕು. ಸವಾರ ಕೂತಿರುವಾಗ ಇಳಿಜಾರಿನಲ್ಲಿ ಮೊಮ್ಮಕ್ಕಳು ಅದನ್ನು ಮುಟ್ಟಿದರೆ ಮುಗಿಯಿತು.

ಸೀಟಿನ ಬಗ್ಗೆ ಯಾವ ಕ್ಯಾಟಲಾಗೂ ಸರಿಯಾಗಿ ಹೇಳುವುದಿಲ್ಲ. ಮಡಚುವ ಗಾಡಿಗಳಲ್ಲಿ ಸೀಟು ತಗ್ಗು, ಕಾಲಿಡುವ ಜಾಗ ಗಿಡ್ಡ. ಮಂಡಿನೋವಿನವರು ಕೂತು ಹತ್ತು ನಿಮಿಷವಾದ ಮೇಲೆ ಏಳಲು ಹೋದರೆ ನೋವು ಹೇಳತೀರದು. ಅಂಗಡಿಯಲ್ಲಿ ಎರಡು ನಿಮಿಷ ಕೂತು ಎದ್ದರೆ ತಿಳಿಯುವುದಿಲ್ಲ. ಕಾಫಿ ತರಿಸಿಕೊಂಡು ಅದರ ಮೇಲೇ ಕೂತು ಕುಡಿಯಬೇಕು. ಕಣ್ಣಿಗೆ ಪೊರೆ ಬಂದಿದ್ದರೆ, ಕೈ ನಡುಗುತ್ತಿದ್ದರೆ ಫಿಸಿಯೋಥೆರಪಿಯವರನ್ನು ಮೊದಲು ಕೇಳುವುದು ಕ್ಷೇಮ. ಗಾಡಿ ಬಂದರೆ ನಡೆಯುವುದೇ ನಿಂತುಹೋಗುತ್ತದೆ ಎಂಬ ಹೆದರಿಕೆ ಮನೆಯವರಿಗೆ ಇರುತ್ತದೆ. ಅದು ಪೂರಾ ಸುಳ್ಳೇನಲ್ಲ. ಮನೆಯೊಳಗೆ, ಪಾರ್ಕಿನೊಳಗೆ ಕೋಲು ಹಿಡಿದು ನಡೆಯಲಿ, ಪಾರ್ಕಿನ ತನಕ ಗಾಡಿಯಲ್ಲಿ ಹೋಗಲಿ. ಈಗ ಪಾರ್ಕಿಗೆ ಹೋಗುವುದೇ ಇಲ್ಲವಲ್ಲ?

ಇನ್ನು ದುಡ್ಡು. ಹೊಸದಕ್ಕೆ ಲಕ್ಷದ ಆಚೀಚೆ ಆಗುತ್ತದೆ, ಮಡಚುವ ಹಗುರದವಕ್ಕೆ ಇನ್ನೂ ಹೆಚ್ಚು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅಗ್ಗದ್ದನ್ನು ತೆಗೆದುಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಚಾರ್ಜರು ಕೆಟ್ಟರೆ ಎಷ್ಟು ದಿನಕ್ಕೆ ಇನ್ನೊಂದು ಬರುತ್ತದೆ, ಕಂಟ್ರೋಲರ್ ಸುಟ್ಟರೆ ಯಾರು ಬಂದು ನೋಡುತ್ತಾರೆ, ಬ್ಯಾಟರಿ ಬದಲಾಯಿಸಲು ಎಷ್ಟು, ಈ ಮೂರಕ್ಕೆ ಬಾಯಲ್ಲಿ ಅಲ್ಲ, ಕಾಗದದಲ್ಲಿ ಉತ್ತರ ಬರಬೇಕು. ಉತ್ತರವಿಲ್ಲದ ಗಾಡಿ ಒಂದು ವರ್ಷದೊಳಗೆ ಮೆಟ್ಟಿಲಡಿ ಸೇರಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗುತ್ತದೆ. ಸೀಸದ ಬ್ಯಾಟರಿ ಅಗ್ಗ, ಆದರೆ ಭಾರ, ಖಾಲಿ ಬಿಟ್ಟು ಊರಿಗೆ ಹೋದರೆ ಬೇಗ ಸಾಯುತ್ತದೆ. ಲೀಥಿಯಮ್ಮಿನದು ಹಗುರ, ದುಬಾರಿ, ಬಿಚ್ಚಿ ಒಳಗೆ ತಂದು ಚಾರ್ಜಿಗೆ ಹಾಕಬಹುದು. ಮಾಲಿಕರು ತೀರಿಕೊಂಡ ಮನೆಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಗಾಡಿಗಳು ಎಷ್ಟೋ ಸಲ ಹೆಚ್ಚು ಓಡಿರುವುದೇ ಇಲ್ಲ; ಹೊಸ ಬ್ಯಾಟರಿಯ ಖರ್ಚು ಸೇರಿಸಿಯೇ ಬೆಲೆ ಕಟ್ಟಿದರೆ ಅವು ಒಳ್ಳೆಯ ವ್ಯಾಪಾರವೇ. ಹೊಸದು ಕೊಳ್ಳುವಾಗ ಬಿಲ್ಲಿನ ಮೇಲೆ ಕಣ್ಣಿರಲಿ: ಅಂಗವಿಕಲರ ಗಾಡಿಗಳಿಗೆ, ಮೋಟಾರು ಇರಲಿ ಇಲ್ಲದಿರಲಿ, ಜಿಎಸ್‌ಟಿ ಶೇ 5 ಮಾತ್ರ.

ಮಕ್ಕಳು ವಿದೇಶದಲ್ಲಿರುವವರು ವಿಮಾನದ ಲೆಕ್ಕವನ್ನೂ ಕೊಳ್ಳುವಾಗಲೇ ಮಾಡಿಕೊಳ್ಳುವುದು ಒಳ್ಳೆಯದು. ಬಿಚ್ಚಿ ತೆಗೆಯುವ ಲೀಥಿಯಂ ಬ್ಯಾಟರಿಯನ್ನು ಸವಾರರು ತಮ್ಮ ಜತೆ ಕ್ಯಾಬಿನ್‌ಗೆ ಒಯ್ಯಬೇಕು, ಅದು 300 ವ್ಯಾಟ್-ಅವರ್ ಮೀರಬಾರದು. ಎರಡು ಬ್ಯಾಟರಿಗಳಿದ್ದರೆ ಒಂದೊಂದೂ 160ರ ಒಳಗಿರಬೇಕು. ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟನ್ನೂ ಆಂಪಿಯರ್-ಅವರನ್ನೂ ಗುಣಿಸಿದರೆ ಆಯಿತು: 24 ವೋಲ್ಟಿನ 12 ಆಂಪಿಯರ್-ಅವರಿನದ್ದು 288, ಹೋಗುತ್ತದೆ. 15ರದ್ದಾದರೆ 360, ನಿಲ್ಲಿಸುತ್ತಾರೆ. ವಿಮಾನ ಕಂಪನಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ವಿದೇಶದ ಪುಟಪಾತಿನಲ್ಲಿ ಮೇಷ್ಟ್ರಂಥವರು ಒಬ್ಬರೇ ಅಂಗಡಿಗೆ ಹೋಗಿ ಬರುತ್ತಾರೆ, ಬಸ್ಸಿನ ಬಾಗಿಲು ಅವರಿಗಾಗಿ ತಗ್ಗುತ್ತದೆ. ಅದನ್ನು ಕಂಡು ಬಂದವರಿಗೆ ಇಲ್ಲಿನ ಬೀದಿ ಇನ್ನಷ್ಟು ಕಹಿ.

ಸರ್ಕಾರದ ಕಡೆ ನೋಡಿದರೆ ಮೇಷ್ಟ್ರಂಥವರು ಎರಡು ಯೋಜನೆಗಳ ನಡುವಿನ ಸಂದಿಗೆ ಬೀಳುತ್ತಾರೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ, ಕಾನ್ಪುರದ ಅಲಿಮ್ಕೊ ತಯಾರಿಸುವ ಬ್ಯಾಟರಿ ತ್ರಿಚಕ್ರ ಸಿಗುತ್ತದೆ. ಅದಕ್ಕೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು, ಆದಾಯದ ಮಿತಿಯಿದೆ, ಸಿಗುವುದು ತೀವ್ರ ತೊಂದರೆ ಇರುವವರಿಗೆ. ಹಾಗಿರಬೇಕಾದ್ದೂ ಸರಿಯೇ. ಹಿರಿಯರಿಗೆಂದೇ 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಕೋಲು, ವಾಕರು, ವೀಲ್‌ಚೇರು, ಕನ್ನಡಕ, ಹಲ್ಲಿನ ಸೆಟ್ಟು ಕೊಡುತ್ತದೆ, ಅದೂ ಬಡವರಿಗೆ. ವೀಲ್‌ಚೇರು ಕೊಟ್ಟರೆ ತಳ್ಳುವವರೊಬ್ಬರು ಬೇಕು. ಮುದುಕರಿಗೆ ತಳ್ಳಿಸಿಕೊಳ್ಳುವ ಹಕ್ಕಿದೆ, ತಾವೇ ಹೋಗುವ ಹಕ್ಕು ಇನ್ನೂ ಯಾರ ಪಟ್ಟಿಯಲ್ಲೂ ಸೇರಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸುಗಮ ಓಡಾಟದ ಮಾತು ಹೇಳುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಬರೀ ಮಾರ್ಗಸೂಚಿ ಸಾಲದು, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಅಷ್ಟರಲ್ಲಿ ನಮ್ಮ ಪುಟಪಾತುಗಳ ಮೇಲೆ ಟ್ರಾನ್ಸ್‌ಫಾರ್ಮರ್ ನಿಂತಿದೆ, ಬೈಕು ನಿಂತಿದೆ, ಬೈಕು ಹತ್ತದಿರಲೆಂದು ನೆಟ್ಟ ಕಂಬಗಳ ನಡುವೆ ಸ್ಕೂಟರೂ ತೂರುವುದಿಲ್ಲ. ಮೇಷ್ಟ್ರು ರಸ್ತೆಯ ಅಂಚಿನಲ್ಲೇ ಹೋಗಬೇಕು.

ಇಷ್ಟಾಗಿಯೂ ಅತಿ ದೊಡ್ಡ ಅಡ್ಡಿ ರಸ್ತೆಯದ್ದಲ್ಲ, ಮನೆಯದ್ದು. ಕೋಲು ಹಿಡಿದರೆ ಗೌರವ, ಗಾಡಿಯ ಮೇಲೆ ಕೂತರೆ 'ಪಾಪ' ಎನ್ನುವ ಜನ ನಾವು. ಹಾಗಾಗಿ ಹಿರಿಯರು ಮೊದಲು ತಾವೇ ಬೇಡ ಅನ್ನುತ್ತಾರೆ. ಕೊನೆಗೆ ಒಪ್ಪಿ ಕೊಂಡಾಗ ಕೀಲಿ ಕೈಯನ್ನು ಸೊಸೆಯೋ ಮಗಳೋ ತೆಗೆದಿಡುತ್ತಾರೆ: 'ನಾವಿದ್ದಾಗ ಮಾತ್ರ ಹೋಗಿ.' ಕೀಲಿ ಕೇಳಿ ಪಡೆಯಬೇಕಾದ ಗಾಡಿಯಿಂದ ಬಂದ ಭಾಗ್ಯವೇನು? ನೂರು ರೂಪಾಯಿಯ ಕೋಲಿಗಾದರೂ ಕೀಲಿಯಿಲ್ಲ.

ಮೇಷ್ಟ್ರ ಮನೆಯಲ್ಲೂ ಈ ಪಂಚಾಯಿತಿ ಆಯಿತು. ಪುಣೆಯಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾ, ಗಾಡಿಗೊಂದು ಜಿಪಿಎಸ್ ಹಾಕಿಸಿಬಿಡ್ತೀನಿ, ನೀವು ಎಲ್ಲಿದ್ದೀರಿ ಅಂತ ನಮಗೆ ಇಲ್ಲಿಂದಲೇ ಗೊತ್ತಾಗುತ್ತೆ" ಅಂದ. "ಹಾಕ್ಸಪ್ಪ. ಬಿಚ್ಚೋದು ಹೇಗೆ ಅಂತಲೂ ಕೇಳಿಟ್ಟುಕೋ" ಅಂದರು ಮೇಷ್ಟ್ರು. ಒಂದು ವಾರ ಮಾತುಕತೆ ನಡೆಯಿತು. ಮೇನ್ ರೋಡು ದಾಟುವುದಾದರೆ ಸಿಗ್ನಲ್ ಹತ್ತಿರವೇ ದಾಟುವುದು, ಕತ್ತಲಾದ ಮೇಲೆ ಹೋಗದಿರುವುದು ಎಂಬ ಷರತ್ತುಗಳನ್ನು ಅವರು ಕೇಳಿಸಿಕೊಂಡರು, ಒಪ್ಪಿದೆ ಎಂದು ಮಾತ್ರ ಹೇಳಲಿಲ್ಲ. ಸೀಟಿನ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸುವುದಕ್ಕೆ ಒಪ್ಪಿದರು. ಜಿಪಿಎಸ್ ಇನ್ನೂ ಬಂದಿಲ್ಲ. ಕೀಲಿ ಅವರ ಜೇಬಿನಲ್ಲೇ ಇದೆ.